ಗಂಟೆಗೆ ಹದಿನೈದು ನಿಮಿಷದ ಬೆಂಕಿ

ಕರೆಂಟು ಹೋದರೆ ನಮ್ಮ ಹೆಕ್ಲರ್ ಪ್ಯಾಚ್ ಎಂಬ ಗಣಿ ಕೇರಿಯಲ್ಲಿ ಎಲ್ಲರೂ ಬೈಯುತ್ತ ಕಿಟಕಿಗೆ ಬಂದು ನಿಲ್ಲುತ್ತಾರೆ. ನೆಸ್ಟರ್ ಹಲಬೂರ ಒಬ್ಬನೇ ಬೂಟು ಹುಡುಕುತ್ತಾನೆ. ಅರವತ್ತಮೂರು ವರ್ಷದ, ಮದುವೆಯಾಗದ, ಉಳಿದ ದಿನಗಳಲ್ಲಿ ಕುರ್ಚಿಯಿಂದ ಏಳಲು ಹತ್ತು ಸಲ ಯೋಚಿಸುವ ಈ ಆಸಾಮಿಯ ಮೊಣಕಾಲು ನೋವು ದೀಪ ಆರಿದ ಕೂಡಲೇ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. "ಅವನಿಗೆ ಕರೆಂಟು ಹೋಗೋದೇ ಕ್ರಿಸ್‌ಮಸ್ಸು" ಎಂದು ಕೆಳಗಿನ ಸಾಲಿನ ಹಾರ್ಲನ್ ಕ್ಲಿಂಗರ್ ತಮಾಷೆ ಮಾಡುತ್ತಾನೆ. ತಮಾಷೆಯೇನೋ ನಿಜ. ನಿಜವಾಗಿರುವುದರಿಂದಲೇ ಅದನ್ನು ಕೇಳಿದರೆ ನೆಸ್ಟರನಿಗೆ ಮೈ ಉರಿಯುತ್ತದೆ.

ಪೆನ್ಸಿಲ್ವೇನಿಯದ ಈ ಗುಡ್ಡಗಳ ಹೊಟ್ಟೆಯಲ್ಲಿ ಸಿಗುವುದು ಗಟ್ಟಿ ಕಲ್ಲಿದ್ದಲು. ಹೊಗೆಯಿಲ್ಲ, ವಾಸನೆಯಿಲ್ಲ, ಬಿಂಕ ಮಾತ್ರ ಬಹಳ. ಅದನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಒಡೆದು ಒಲೆಯ ಹಿಂದಿನ ಡಬ್ಬಿಗೆ ಸುರಿದರೆ ಒಂದು ಪುಟ್ಟ ಮೋಟಾರು ಅದನ್ನು ಚೂರುಚೂರೇ ಮುಂದಕ್ಕೆ ತಳ್ಳುತ್ತದೆ, ಒಂದು ಪುಟ್ಟ ಫ್ಯಾನು ಕೆಳಗಿನಿಂದ ಗಾಳಿ ಊದುತ್ತದೆ. ಊದಿದರೆ ಬೆಂಕಿ ಉಂಟು, ಇಲ್ಲದಿದ್ದರೆ ಇಲ್ಲ. ಕರೆಂಟು ಹೋಯಿತೆಂದರೆ ಡಬ್ಬಿ ತುಂಬ ಕಲ್ಲಿದ್ದಲಿದ್ದರೂ ಬೆಂಕಿ ಉಪವಾಸ ಬೀಳುತ್ತದೆ. ಒಂದು ಗಂಟೆ ತಡೆಯುತ್ತದೆ, ಹೆಚ್ಚೆಂದರೆ ಒಂದೂವರೆ ಗಂಟೆ. ಆಮೇಲೆ ಬೂದಿ.

ಆರಿದರೆ ಮತ್ತೆ ಹೊತ್ತಿಸಿದರಾಯಿತಲ್ಲ ಎಂದು ಹೊರಗಿನವರು ಹೇಳುತ್ತಾರೆ. ಅವರಿಗೇನು ಗೊತ್ತು. ಮೊದಲನೆಯದು, ಗಾಳಿ ಊದುವ ಫ್ಯಾನಿಲ್ಲದೆ ಈ ಕಲ್ಲಿದ್ದಲು ಹೊತ್ತುವುದೇ ಇಲ್ಲ. ಎರಡನೆಯದು ಮಾನದ ಪ್ರಶ್ನೆ. ಅಕ್ಟೋಬರಿನಲ್ಲಿ ಹೊತ್ತಿಸಿದ ಒಲೆ ಈಸ್ಟರ್ ಕಳೆಯುವವರೆಗೆ ಆರಬಾರದು. ನಡುವೆ ಆರಿಸಿಕೊಂಡವನನ್ನು ಜನ "ಆರ್‌ಹೋಯ್ತಂತೆ?" ಎಂದು ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳುತ್ತಾರೆ. ಕೇಳಿ, ತಿರುಗಿದ ಮೇಲೆ ನಗುತ್ತಾರೆ.

ಹದಿನೆಂಟು ವರ್ಷದ ಹಿಂದೆ ಭಾರೀ ಹಿಮ ಬಿದ್ದು ಮೂರು ದಿನ ಕರೆಂಟು ಇಲ್ಲದಾಗ ನೆಸ್ಟರ್ ತನ್ನ ಅಮ್ಮನ ಒಲೆಗೆ ಲಾರಿ ಬ್ಯಾಟರಿಯೊಂದನ್ನು ಇನ್ವರ್ಟರ್ ಮೂಲಕ ಹಚ್ಚಿದ. ಕಲ್ಲಿದ್ದಲು ಒಡೆದು ಜರಡಿ ಹಿಡಿಯುವ ಕಾರ್ಖಾನೆಯಲ್ಲಿ ಮೋಟಾರುಗಳ ನಡುವೆ ಬೆಳೆದ ಕೈ ಅದು. ಹಚ್ಚಿ, ಎದುರು ಕೂತು ನೋಡುತ್ತ ಅವನೊಂದು ಸಂಗತಿ ಕಂಡುಕೊಂಡ: ಬೆಂಕಿಗೆ ದಿನವಿಡೀ ಊಟ ಬೇಡ. ಗಂಟೆಗೆ ಹದಿನೈದು ನಿಮಿಷ ಮೋಟಾರು ಓಡಿದರೆ ಸಾಕು, ಜೀವ ಹಿಡಿದುಕೊಂಡಿರುತ್ತದೆ. ಹಾಗಾದರೆ ಉಳಿದ ಮುಕ್ಕಾಲು ಗಂಟೆ ಬ್ಯಾಟರಿ ಸುಮ್ಮನೆ ಯಾಕೆ ಕೂರಬೇಕು? ಹಿಮದ ಮೇಲೆ ಮಕ್ಕಳು ಎಳೆದಾಡುವ ಜಾರುಗಾಡಿಗೆ ಬ್ಯಾಟರಿ ಕಟ್ಟಿಕೊಂಡು ಪಕ್ಕದ ಮನೆಗೆ ಹೋದ. ಅಲ್ಲಿಂದ ಅದರ ಪಕ್ಕದ ಮನೆಗೆ. ಮೂರನೆಯ ದಿನಕ್ಕೆ ಎರಡು ಬ್ಯಾಟರಿ, ಆರು ಮನೆ. ಹೋದಲ್ಲೆಲ್ಲ ಬಿಸಿ ಕಾಫಿ, ಕೋಸಿನ ನೂಡಲ್ಸು, ಕಿತ್ತಳೆ ಜೇನು ಹಾಕಿ ಕುದಿಸಿದ ವಿಸ್ಕಿ. "ಬಾರೋ ನೆಸ್ಟರ್, ನಿನ್ನನ್ನೇ ಕಾಯ್ತಿದ್ವಿ" ಎಂಬ ಮಾತು ದಿನಕ್ಕೆ ಐವತ್ತು ಸಲ. ಆ ಮಾತನ್ನು ಅವನು ಅದಕ್ಕೆ ಮೊದಲು ನಲವತ್ತೈದು ವರ್ಷದಲ್ಲಿ ಐದು ಸಲವೂ ಕೇಳಿರಲಿಲ್ಲ.

ಮಾತು ಬಾರದ ಮನುಷ್ಯ ಅವನು. ಹೆಣ್ಣು ಕೇಳಲಿಕ್ಕೂ ಬಾಯಿ ಬರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಮಾತಾಡಲು ಅಮ್ಮ ಇದ್ದಳು. ಅಮ್ಮ ಹೋದ ಮೇಲೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹುಡುಗಿಗೆ "ಚೀಲ ಬೇಡ" ಎನ್ನುವುದು, ಇಗರ್ಜಿಯಲ್ಲಿ ಎಲ್ಲರ ಜೊತೆ "ಆಮೆನ್" ಎನ್ನುವುದು, ಮುಗಿಯಿತು. ಬ್ಯಾಟರಿ ಕೈಯಲ್ಲಿದ್ದಾಗ ಮಾತ್ರ ಅವನಿಗೆ ಬೇರೆಯವರ ಬಾಗಿಲು ತಟ್ಟಲು ಕಾರಣವೊಂದು ಇರುತ್ತಿತ್ತು. ಕಾರಣವಿಲ್ಲದೆ ಬಾಗಿಲು ತಟ್ಟುವ ಜನ ಬೇರೆ, ಅವರ ಹುಟ್ಟೇ ಬೇರೆ.

ಮನೆಗಳು ಒಂದೊಂದಾಗಿ ಕಡಿಮೆಯಾದವು. ಒಬ್ಬರು ಸತ್ತರು, ಒಬ್ಬರು ಗ್ಯಾಸಿನ ಒಲೆ ಹಾಕಿಸಿಕೊಂಡರು. ಆರು ನಾಲ್ಕಾಯಿತು, ನಾಲ್ಕು ಮೂರಾಯಿತು. ಮನೆ ಕಡಿಮೆಯಾದಂತೆ ನೆಸ್ಟರ್ ನಿಮಿಷ ಹೆಚ್ಚಿಸಿದ. ಹದಿನೈದು ಇದ್ದದ್ದು ಇಪ್ಪತ್ತೈದಾಯಿತು, ಇಪ್ಪತ್ತೈದು ನಲವತ್ತಾಯಿತು. "ಇನ್ನೊಂಚೂರು ಓಡ್ಲಿ, ಬೆಂಕಿ ಇನ್ನೂ ಸರಿಯಾಗಿ ಕೂತಿಲ್ಲ" ಎನ್ನುತ್ತಿದ್ದ. ಬೆಂಕಿ ಚೆನ್ನಾಗಿಯೇ ಕೂತಿರುತ್ತಿತ್ತು. ಅದು ಕಾಣದ ಹಾಗೆ ಒಲೆಯ ಗಾಜಿಗೆ ಅಡ್ಡವಾಗಿ ಇವನು ಕೂತಿರುತ್ತಿದ್ದ.

ಹೀಗೆ ಬೇರೆಯವರ ಮನೆಯಲ್ಲಿ ಗಂಟೆ ಮುಗಿಸುವವನ ಸ್ವಂತ ಒಲೆಯ ಗತಿ ಏನು? ಅದು ಆರುತ್ತಿತ್ತು. ಪ್ರತಿ ಸಲವೂ ಆರುತ್ತಿತ್ತು. ಕರೆಂಟು ಬಂದ ಮೇಲೆ ಪರದೆ ಎಳೆದುಕೊಂಡು, ಕಳ್ಳತನ ಮಾಡುವವನ ಹಾಗೆ, ಮರದ ಇದ್ದಿಲಿಟ್ಟು ಮತ್ತೆ ಹೊತ್ತಿಸುತ್ತಿದ್ದ. ಇಡೀ ಪ್ಯಾಚಿನ ಒಲೆ ಕಾಯುವವನ ಒಲೆಯೇ ಆರಿದೆ ಎಂದು ಗೊತ್ತಾದರೆ ಮುಖ ಎತ್ತುವುದು ಹೇಗೆ?

ಈ ಫೆಬ್ರುವರಿಯಲ್ಲಿ ಮಂಜುಗಡ್ಡೆಯ ಮಳೆ ಸುರಿಯಿತು. ಮರದ ಕೊಂಬೆಗಳು ಗಾಜಿನ ಕೊಳವೆಗಳಾಗಿ ತಂತಿಯ ಮೇಲೆ ಮುರಿದು ಬಿದ್ದವು. ಬೆಳಿಗ್ಗೆ ಒಂಬತ್ತೂಕಾಲಿಗೆ ಕರೆಂಟು ಹೋಯಿತು. ಒಂಬತ್ತೂವರೆಗೆ ನೆಸ್ಟರ್ ರಸ್ತೆಯಲ್ಲಿದ್ದ. ಎರಡು ಬ್ಯಾಟರಿಗಳಲ್ಲಿ ಒಂದು ಹೋದ ವರ್ಷವೇ ಕೈಕೊಟ್ಟಿತ್ತು. ಉಳಿದದ್ದೂ ಮುದಿ.

ಹಾರ್ಲನ್ ಮನೆಯ ಹಿತ್ತಿಲು ತಲುಪುವ ಮೊದಲೇ ಭರ್ರೆನ್ನುವ ಸದ್ದು ಕೇಳಿಸಿತು. ಕೆಂಪು ಬಣ್ಣದ ಹೊಸ ಜನರೇಟರಿನ ಪಕ್ಕ ಹಾರ್ಲನ್ ಮದುಮಗನ ಹಾಗೆ ನಿಂತಿದ್ದ.

"ಏನೋ ನೆಸ್ಟರ್, ಹಂದಿ ಹೊಡ್ಕೊಂಡು ಬಂದವನ ಹಾಗೆ ಎಳ್ಕೊಂಡ್ ಬರ್ತಿದ್ದೀಯಲ್ಲೋ!"

"ನಿನ್ನ ಒಲೆಗೆ ಅಂತ ಬಂದೆ."

"ಒಲೆಯಂತೆ ಒಲೆ! ಐದು ಸಾವಿರ ವ್ಯಾಟ್ ಕಣೋ ಇದು. ಒಲೆ, ಫ್ರಿಜ್ಜು, ಟೀವಿ, ನನ್ ಹೆಂಡ್ತಿ ಡೋರಿಸ್ ಕೂದಲು ಒಣಗ್ಸೋ ಯಂತ್ರ, ಎಲ್ಲಾ ಒಟ್ಟಿಗೆ ಓಡ್ತಿದೆ. ನೀನಿನ್ನು ಆರಾಮಾಗಿ ಮನೇಲಿರು."

"ಈ ಚಳಿಗೆ ಜನರೇಟರು ಹಿಡ್ಕೊಂಬಿಡ್ತವೆ ಅಂತಾರೆ."

"ಏನು?"

"ಹಿಡ್ಕೊಂಬಿಡ್ತವೆ ಅಂದೆ!"

"ಹಿಡ್ಕೊಂಡ್ರೆ ಕರೀತೀನಿ ಬಿಡು!"

ನೆಸ್ಟರ್ ಓಣಿಯ ಕೊನೆಯವರೆಗೆ ಬೇಕೆಂದೇ ನಿಧಾನವಾಗಿ ನಡೆದ. ಅದು ಹಿಡಿದುಕೊಳ್ಳಲಿ ಎಂದು ಮನಸಾರೆ ಬಯಸಿದ. ಬಯಸಿದ್ದಕ್ಕೆ ನಾಚಿಕೆಯೂ ಪಡಲಿಲ್ಲ. ಅದು ಹಿಡಿದುಕೊಳ್ಳಲಿಲ್ಲ. ಮುಂದಿನ ಮನೆಗೆ ಶರತ್ಕಾಲದಲ್ಲಿ ಹೊಸ ದಂಪತಿ ಬಂದು ಗ್ಯಾಸು ಹಾಕಿಸಿದ್ದರು. ಹಾಗಾಗಿ ಮೂರು ಮನೆಯಲ್ಲಿ ಉಳಿದದ್ದು ಒಂದೇ, ಸಾಲಿನ ತುದಿಯ ಥೆಕ್ಲಾ ಪುಶ್ಕಾರಳದ್ದು.

ಥೆಕ್ಲಾಗೆ ಎಪ್ಪತ್ತೊಂಬತ್ತು. ನೆಸ್ಟರನ ಅಮ್ಮನ ಜೊತೆ ಇಪ್ಪತ್ತೆರಡು ವರ್ಷ ಅಂಗಿ ಕಾರ್ಖಾನೆಯಲ್ಲಿ ಕಾಲರು ಹೊಲಿದವಳು. ಅಮ್ಮನ ಗೆಳತಿಯರನ್ನೆಲ್ಲ ಇಲ್ಲಿ ಚಿಕ್ಕಮ್ಮ ಎಂದಂತೆ "ತೇತಾ" ಎನ್ನುತ್ತಾರೆ. ಅವನೂ ಹಾಗೇ ಕರೆಯುತ್ತಿದ್ದ.

"ಯಾರದು?"

"ನಾನು ತೇತಾ, ನೆಸ್ಟರ್."

"ಇನ್ಯಾರು ಈ ಹವಾದಲ್ಲಿ ಬರ್ತಾರೆ, ಪಾದ್ರಿನೂ ಬರಲ್ಲ. ಬೂಟು ಬಿಚ್ಚು, ನೆಲ ಒರೆಸಿದ್ದೀನಿ."

ಬ್ಯಾಟರಿ ಒಳಗೆ ತಂದು, ಇನ್ವರ್ಟರಿಗೆ ಒಲೆಯ ಪ್ಲಗ್ಗು ಚುಚ್ಚಿದ. ಫ್ಯಾನು ಗುರ್ರೆಂದಿತು. ಮಂಕಾಗಿದ್ದ ಕೆಂಡದ ಹಾಸು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಕೆಂಪಾಗುತ್ತ ಬಂತು. ನೆಸ್ಟರನಿಗೆ ಜೀವ ಬಂದಂತಾಯಿತು. ಅವಳು ಒಲೆಯ ತಲೆಯ ಮೇಲೆಯೇ ನೂಡಲ್ಸು ಬಿಸಿಗಿಟ್ಟಳು.

"ತಿನ್ನು. ನಿಮ್ಮಮ್ಮ ಇದ್ದಿದ್ರೆ ನಿನ್ನ ಕೆನ್ನೆ ನೋಡಿ ನನ್ನನ್ನೇ ಬೈತಿದ್ಲು. ಒಂದು ಮದುವೆ ಮಾಡ್ಕೋ ಅಂದ್ರೆ ಬ್ಯಾಟರಿ ಮಾಡ್ಕೊಂಡ ನೋಡು."

"ಬ್ಯಾಟರಿ ಬೈಯಲ್ಲ ತೇತಾ."

"ಬಿಸೀನೂ ಮಾಡಲ್ಲ."

ಅವನು ನಕ್ಕ. ವಾರದಲ್ಲಿ ಮೊದಲ ನಗು. ಹದಿನೈದು ನಿಮಿಷಕ್ಕೇ ಬೆಂಕಿ ಅಂಚಿಗೆ ಬಂದಿತ್ತು. ಅವನು ಕುರ್ಚಿಯನ್ನು ಗಾಜಿಗೆ ಇನ್ನಷ್ಟು ಅಡ್ಡವಾಗಿ ಎಳೆದುಕೊಂಡು, "ಇನ್ನೂ ಸರಿಯಾಗಿ ಕೂತಿಲ್ಲ" ಎಂದ. ಮುಕ್ಕಾಲು ಗಂಟೆ ಓಡಿಸಿದ.

"ಆಯ್ತು, ಇನ್ನೂ ಮೂರು ಮನೆ ಇವೆ" ಎಂದು ಎದ್ದ. ಒಂದೂ ಇರಲಿಲ್ಲ. ಆದರೆ ಒಂದೇ ಮನೆಯವನು ಎಂದು ಅವಳಿಗೆ ತಿಳಿಯುವುದು ಅವನಿಗೆ ಬೇಕಿರಲಿಲ್ಲ. ಜಾರುಗಾಡಿ ಎಳೆದುಕೊಂಡು ಹಳೆಯ ಕಲ್ಲಿದ್ದಲು ಕಸದ ಗುಡ್ಡದ ಹಿಂದೆ ಹೋಗಿ, ಅಲ್ಲಿ ಅತ್ತಿಂದಿತ್ತ ನಡೆಯುತ್ತ ಒಂದು ಗಂಟೆ ಕಳೆದ. ಮೀಸೆಯ ಮೇಲೆ ಮಂಜು ಕಟ್ಟಿತು. ಅತ್ತ ಅವನ ಮನೆಯ ಒಲೆ ಆ ಹೊತ್ತಿಗೆ ಆರುತ್ತಿತ್ತು, ನಡೆದರೆ ಐದು ನಿಮಿಷದ ದಾರಿ. ಹೋಗಲಿಲ್ಲ. ಅಲ್ಲಿ ಹೋಗಿ ಯಾರ ಜೊತೆ ಮಾತಾಡುವುದು?

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಎರಡನೆಯ ಸುತ್ತು. ಇಪ್ಪತ್ತು ನಿಮಿಷಕ್ಕೇ ಇನ್ವರ್ಟರು ಕೀಕ್ ಕೀಕ್ ಎನ್ನತೊಡಗಿತು. ಬ್ಯಾಟರಿ ಸೋಲುತ್ತಿತ್ತು. ಅವನು ತನ್ನ ಟೋಪಿಯನ್ನು ಅದರ ಮೇಲೆ ಮುಚ್ಚಿದ.

"ಅದೇನದು, ಹಕ್ಕಿ ಕೂಗಿದ ಹಾಗೆ?"

"ಏನಿಲ್ಲ, ಚಳಿಗೆ."

"ಹಾಗಾದ್ರೆ ಒಂದು ಬಕೆಟ್ಟು ಕಲ್ಲಿದ್ದಲು ತಂದ್ಕೊಡು, ಡಬ್ಬಿ ತಳ ಕಾಣ್ತಿದೆ."

ನೆಲಮಾಳಿಗೆಗೆ ಇಳಿದು ಟಾರ್ಚು ಬಿಟ್ಟ. ಕಲ್ಲಿದ್ದಲಿನ ಗೂಡಿನ ಪಕ್ಕ, ಹಳೆಯ ಮೇಜುಬಟ್ಟೆಯ ಕೆಳಗೆ, ಒಂದು ರಟ್ಟಿನ ಪೆಟ್ಟಿಗೆಯ ಮೂಲೆ ಕಂಡಿತು. ಬಟ್ಟೆ ಸರಿಸಿದ. ಪೆಟ್ಟಿಗೆಯ ಮೇಲೆ ಚಿತ್ರ: ಹಿಡಿಯಿರುವ ಚೌಕದ ಯಂತ್ರ, ಬ್ಯಾಟರಿಯೂ ಇನ್ವರ್ಟರೂ ಒಳಗೇ, ಮುಂದೆ ಪ್ಲಗ್ಗು ಚುಚ್ಚುವ ತೂತುಗಳು. ಕಳಿಸಿದವರು ಅಲೆನ್‌ಟೌನಿನ ಮಾರ್ಲೀನ್, ಅಂದರೆ ಥೆಕ್ಲಾಳ ತಂಗಿ. ಅಂಚೆಯ ತಾರೀಖು ಹೋದ ವರ್ಷಕ್ಕೂ ಹಿಂದಿನ ಕ್ರಿಸ್‌ಮಸ್ಸಿನದು. ಅಂಟುಪಟ್ಟಿ ಕತ್ತರಿಸಿರಲಿಲ್ಲ.

ನೆಸ್ಟರ್ ಬಕೆಟ್ಟು ಹಿಡಿದು ಅಲ್ಲೇ ನಿಂತ. ಎರಡು ಚಳಿಗಾಲ. ಐದು ಸಲ ಕರೆಂಟು ಹೋಗಿತ್ತು, ಐದು ಸಲವೂ ಅವನು ಈ ಹಾಳು ಬ್ಯಾಟರಿಯನ್ನು ಎಳೆದು ತಂದಿದ್ದ, ಐದು ಸಲವೂ ಅವಳು ನೂಡಲ್ಸು ಬಿಸಿ ಮಾಡಿ ಎದುರು ಕೂರಿಸಿದ್ದಳು, ಇದು ಇಲ್ಲಿ ಬಿದ್ದಿರುವಾಗ. ಪಾಪ ಅಂತ. ಒಬ್ಬಂಟಿ ಮುದುಕ, ಬಂದು ಹೋಗಲಿ, ಪಾಪ ಅಂತ. ಆ ಕತ್ತಲೆಯಲ್ಲೂ ಅವನ ಕಿವಿ ಬಿಸಿಯಾದವು.

ಮೇಲೆ ಬಂದು ಕಲ್ಲಿದ್ದಲು ಸುರಿದ. ಪ್ಲಗ್ಗು ಕಿತ್ತ. "ಒಂದು ಗಂಟೆಗೆ ಸಾಕು" ಎಂದ.

"ಕಾಫಿ ಕುಡ್ದು ಹೋಗೋ."

"ಬೇಡ."

"ಮುಖ ಯಾಕೆ ಹಂಗಿದೆ?"

"ಇರೋದೇ ಹಂಗೆ."

ಮನೆಗೆ ಬಂದ. ಒಲೆ ಆರಿ ತಣ್ಣಗಾಗಿತ್ತು. ಬ್ಯಾಟರಿಯನ್ನು ಅಡುಗೆಮನೆಯಲ್ಲಿಳಿಸಿ ಇನ್ವರ್ಟರು ಹಾಕಿ ನೋಡಿದರೆ ಕೀಕ್ ಎನ್ನುವ ಶಕ್ತಿಯೂ ಇರಲಿಲ್ಲ. ಹದಿನೈದು ಹದಿನೈದರ ಲೆಕ್ಕದಲ್ಲಿ ಓಡಿಸಿದ್ದರೆ ಸಂಜೆಯ ತನಕ ಬರುತ್ತಿತ್ತು. ತಾನೇ ಕೂತು ಮಾತಾಡುತ್ತ ಅದನ್ನು ಕೊಂದಿದ್ದ. ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತ. ಇನ್ನು ಹೋಗುವುದಿಲ್ಲ ಎಂದುಕೊಂಡ. ಪೆಟ್ಟಿಗೆ ಇದೆಯಲ್ಲ, ಬಿಚ್ಚಿಕೊಳ್ಳಲಿ.

ಅರ್ಧ ಗಂಟೆ ಈ ಸಿಟ್ಟು ಅವನನ್ನು ಬೆಚ್ಚಗಿಟ್ಟಿತು. ಆಮೇಲೆ ಗಡಿಯಾರ ನೋಡತೊಡಗಿದ. ಗಂಟೆಯಾಯಿತು. ಒಂದು ಗಂಟೆ ಹತ್ತು ನಿಮಿಷ. ರಿಮೋಟಿನ ಸೆಲ್ಲು ಬದಲಿಸಲಿಕ್ಕೂ ಯಾರನ್ನಾದರೂ ಕರೆಯುವ ಹೆಂಗಸು ಅದನ್ನು ಬಿಚ್ಚಿ ಹಚ್ಚುತ್ತಾಳೆಯೇ? ಈಗ ಕೆಂಡ ಹಿಂದಕ್ಕೆ ಸರಿಯುತ್ತಿರುತ್ತದೆ, ಅಂಚು ಬೂದಿಯಾಗಿರುತ್ತದೆ. ಅದು ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಎದ್ದ. ಜಾರುಗಾಡಿಯ ಹಗ್ಗಕ್ಕೆ ಕೈ ಹೋಯಿತು. ಎಳೆದುಕೊಂಡು ಹೋಗಲು ಏನೂ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬರಿಗೈಯಲ್ಲಿ ಒಂದು ಮನೆಗೆ ಹೊರಟ. ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ.

ಥೆಕ್ಲಾ ಕೋಟು ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು.

"ತಡ ಆಯ್ತಲ್ಲೋ. ಬ್ಯಾಟರಿ ಎಲ್ಲಿ?"

"ಸತ್ತೋಯ್ತು ತೇತಾ."

ಬಾಗಿ ಗಾಜಿನೊಳಗೆ ನೋಡಿದ. ಬೂದಿಯ ಹಿಂದೆ ಎರಡು ಬೆರಳಗಲ ಕೆಂಪು. ಇನ್ನು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಒಂದು ಯೋಚನೆ ಅವನ ತಲೆಗೆ ಬಂತು, ಮುಚ್ಚಿಡುವುದೇಕೆ. ಸುಮ್ಮನಿದ್ದರಾಯಿತು. ಬೆಂಕಿ ಆರುತ್ತದೆ. ಅವಳು ರಾತ್ರಿ, ಬೆಂಕಿಯಿಲ್ಲದವರಿಗೆಂದು ತೆರೆದಿಡುವ ಇಗರ್ಜಿಯ ಸಭಾಂಗಣದಲ್ಲಿ ಮಲಗುತ್ತಾಳೆ. ಕರೆಂಟು ಬಂದ ಮೇಲೆ ಮತ್ತೆ ಹೊತ್ತಿಸಿಕೊಡಲು ಇವನೇ ಬೇಕು. ಪೆಟ್ಟಿಗೆ ಬಿಚ್ಚಿದರೆ ಇವನು ಯಾವತ್ತೂ ಬೇಡ.

"ಕೆಳಗೊಂದು ಪೆಟ್ಟಿಗೆ ಇದೆಯಲ್ಲ" ಎಂದ.

ಅವಳು ಮುಖ ತಿರುಗಿಸಿದಳು. "ನೋಡಿದ್ಯಾ?"

"ನೋಡ್ದೆ."

"ಅದನ್ನ ಮುಟ್ಟಲ್ಲ ನಾನು. ಪ್ರತಿ ಈಸ್ಟರಿಗೂ ಬರ್ತಿದ್ಲು ಮಾರ್ಲೀನ್. ಆ ವರ್ಷ ತಾನು ಬರೋ ಬದ್ಲು ಅದನ್ನ ಕಳ್ಸಿದ್ಲು. ಬಿಚ್ಚಿದ್ರೆ, ಸರಿ ಬಿಡು, ನೀನು ಬರದಿದ್ರೂ ಆಯ್ತು ಅಂತ ನಾನೇ ಅವಳಿಗೆ ಹೇಳ್ದಂಗೆ."

ನೆಸ್ಟರ್ ಅಷ್ಟು ಹೊತ್ತು ಕೋಟಿನೊಳಗೆ ಕಟ್ಟಿಕೊಂಡು ಬಂದ ಸಿಟ್ಟು ಜರ್ರನೆ ಇಳಿದುಹೋಯಿತು, ಇಳಿದಲ್ಲಿ ಅದಕ್ಕಿಂತ ಕೆಟ್ಟದ್ದು ಉಳಿಯಿತು. ಅವಳು ಇವನ ಮೇಲೆ ಮರುಕಪಟ್ಟಿರಲಿಲ್ಲ. ಇವನು ಆ ಲೆಕ್ಕದಲ್ಲಿ ಇರಲೇ ಇಲ್ಲ. ಪಾಪ ಅಂದುಕೊಂಡಿದ್ದರೂ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ಆ ಮಾತು ಕೂಡ ಅವನ ಪಾಲಿಗೆ ಬರಲಿಲ್ಲ.

"ಬೆಂಕಿ ಹೋಗ್ತಿದೆ ತೇತಾ. ಮಾರ್ಲೀನ್ ಜೊತೆ ಜಗಳ ಆಮೇಲೆ ಆಡಿ."

ಅವಳು ಎರಡು ಬೆರಳಿನ ಆ ಕೆಂಪನ್ನೇ ನೋಡುತ್ತ ಕೂತಳು. ಕೊನೆಗೆ, "ತಗೊಂಡ್ ಬಾ" ಎಂದಳು.

ತಂದ. ಚಾಕುವಿನಿಂದ ಅಂಟುಪಟ್ಟಿ ಸೀಳಿದ. ಎರಡು ಚಳಿಗಾಲ ಕೂತಿದ್ದರೂ ಯಂತ್ರದ ಹೊಟ್ಟೆಯಲ್ಲಿ ಮೂರರಲ್ಲೊಂದು ಪಾಲು ಉಳಿದಿತ್ತು. ಚುಕ್ಕಿಗಳು ಹಸಿರಾಗಿ ಬೆಳಗಿದವು. ಪ್ಲಗ್ಗು ಚುಚ್ಚಿದ. ಫ್ಯಾನು ಎದ್ದಿತು, ಮೋಟಾರು ತಳ್ಳಿತು. ಸತ್ತೇ ಹೋದಂತಿದ್ದ ಕೆಂಪು ಒಂದು ಕ್ಷಣ ಇನ್ನಷ್ಟು ಕಪ್ಪಾಗಿ ಆಮೇಲೆ ಬೂದಿಯ ಕೆಳಗಿನಿಂದ ಬೆರಳು ಬೆರಳಾಗಿ ಮುಂದೆ ಬಂತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಬೆಂಕಿ ಕೂತಿತು. ಈ ಸಲ ಅವನು ಗಾಜಿಗೆ ಅಡ್ಡ ಕೂರಲಿಲ್ಲ.

"ನೋಡ್ಕೊಳಿ. ಈ ಗುಂಡಿ ಒತ್ತಿ. ಹದಿನೈದು ನಿಮಿಷ. ಮತ್ತೆ ಇದನ್ನೇ ಒತ್ತಿ ಆರ್ಸಿ. ಗಂಟೆಗೊಂದು ಸಲ. ನಾಳೆ ಬೆಳಗಿನವರೆಗೂ ಬರುತ್ತೆ."

"ಹದಿನೈದೇ ಸಾಕಾ? ನೀನು ಮುಕ್ಕಾಲು ಗಂಟೆ ಕೂರ್ತಿದ್ದೆಯಲ್ಲ."

"ನಂದು ಹಳೇ ಬ್ಯಾಟರಿ."

ಅವಳು ಗುಂಡಿ ಒತ್ತಿದಳು. ಫ್ಯಾನು ನಿಂತಿತು. ಮತ್ತೆ ಒತ್ತಿದಳು, ಎದ್ದಿತು. ಮಗುವಿನ ಹಾಗೆ ಮುಖ ಅರಳಿತು. "ಅಯ್ಯೋ, ಇಷ್ಟೇನಾ! ಈ ನನ್ನ ಹಟಕ್ಕೆ ಎರಡು ವರ್ಷ ನಿನ್ನ ಸೊಂಟ ಮುರಿಸ್ದೆನಲ್ಲೋ. ಇನ್ಮೇಲೆ ಈ ಚಳೀಲಿ ನೀನು ಬರ್ಬೇಡ ಕಣೋ, ಕಷ್ಟಪಡ್ಬೇಡ."

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ನೆಸ್ಟರ್ ಬೂಟು ಹಾಕಿಕೊಳ್ಳಲು ಬಾಗಿದ. ದಾರ ಕಟ್ಟುವುದಕ್ಕೆ ಎಷ್ಟು ಹೊತ್ತು ಹಿಡಿಯಬಹುದೋ ಅಷ್ಟೂ ಹಿಡಿಸಿದ.

"ಅಲ್ಲ, ನಿನ್ನ ಮನೆ ಒಲೆ?" ಅವಳು ಇದ್ದಕ್ಕಿದ್ದಂತೆ ಕೇಳಿದಳು. "ನಿನ್ನ ಬ್ಯಾಟರಿ ಸತ್ತಿದ್ರೆ ನಿಂದು ಹೇಗೆ ಉರೀತಿದೆ?"

ಹದಿನೆಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಾರಾದರೂ ಕೇಳಲಿ ಎಂದು ಅವನು ಎಷ್ಟು ಸಲ ಆಸೆಪಟ್ಟಿದ್ದನೋ ಲೆಕ್ಕವಿಲ್ಲ. ಆರಿದೆ ತೇತಾ ಎಂದರೆ ಸಾಕಿತ್ತು. ಅವಳು ಅವನನ್ನು ಆ ಕುರ್ಚಿ ಬಿಟ್ಟು ಏಳಲು ಬಿಡುತ್ತಿರಲಿಲ್ಲ. ಬಾಯಿ ತೆರೆದ.

"ಉರೀತಿದೆ," ಎಂದ. "ಬ್ಯಾಟರಿ ಸಾಯೋಕೆ ಮುಂಚೆ ಕೊನೇ ಸಲ ಅದನ್ನೇ ಓಡ್ಸಿ ಬಂದಿದ್ದೀನಿ."

"ಹಾಗಾದ್ರೆ ಇನ್ನೂ ಇಲ್ಲೇನು ಮಾಡ್ತಿದ್ದೀಯ? ಓಡು, ಆರೋಗ್ಬಿಟ್ಟೀತು!"

ಅವನು ಹೊರಟ. ಅವಳು ಕಿಟಕಿಗೆ ಬಂದು ನಿಂತದ್ದು ಹಿಂತಿರುಗದೆಯೂ ಗೊತ್ತಾಯಿತು. ಜಾರುವ ಮಂಜುಗಡ್ಡೆಯ ಮೇಲೆ, ಮನೆಯಲ್ಲಿ ಬೆಂಕಿ ಕಾಯುತ್ತಿರುವವನ ಹಾಗೆ, ಅವಳ ಕಣ್ಣಿಗೆ ಕಾಣುವಷ್ಟು ದೂರವೂ ನೆಸ್ಟರ್ ಓಡುತ್ತಲೇ ಹೋದ.